ನಿಯಂತ್ರಣ ನಕ್ಷೆಯೂ ಸ್ವಸಹಸಂಬಂಧವೂ: ಬೆಳಗೊಳದ ಪರಿಸರವನ್ನು ಕುರಿತು ಒಂದು ಚಾರಿತ್ರಿಕ ಪರಿಶೀಲನೆ

1. ವಿಷಯ ಪ್ರವೇಶ

ಸರಕಿನ ಗುಣವನ್ನು ಅಂಕಿಗಳ ಮೂಲಕ ಕಾಯುವ ಉಪಾಯಗಳಲ್ಲಿ ನಿಯಂತ್ರಣ ನಕ್ಷೆಯೆಂಬುದು ಬಹು ಸರಳವಾದುದು, ಬಹು ವ್ಯಾಪಕವಾದುದು. ಅದರ ಚರಿತ್ರೆಯನ್ನು ಸಾಮಾನ್ಯವಾಗಿ ಅಮೆರಿಕದಲ್ಲಿ ತೊಡಗಿ ಜಪಾನಿನಲ್ಲಿ ಮುಗಿಸುವುದು ವಾಡಿಕೆ. ನಾವು ಈ ಲೇಖನದಲ್ಲಿ ಬೇರೊಂದು ದಾರಿಯನ್ನು ಹಿಡಿದಿದ್ದೇವೆ. ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳಗೊಳದ ಸುತ್ತಣ ನೀರು ಮತ್ತು ಕಾಗದಗಳ ಮುಂದೆ ಈ ನಕ್ಷೆಯನ್ನು ನಿಲ್ಲಿಸಿ, ಅದು ಎಷ್ಟರ ಮಟ್ಟಿಗೆ ನಂಬತಕ್ಕ ಸಾಕ್ಷಿಯೆಂಬುದನ್ನು ವಿಚಾರಮಾಡುವುದು ನಮ್ಮ ಉದ್ದೇಶ.

ನಾವು ಸ್ಥಾಪಿಸಲು ಬಯಸುವ ಮಾತು ಒಂದೇ. ಪ್ರತಿಯೊಂದು ಸಾಧನವೂ ತಾನು ಹುಟ್ಟಿದ ನೆಲದ ಊಹೆಗಳನ್ನು ತನ್ನೊಡನೆ ಹೊತ್ತು ತರುತ್ತದೆ. ನಿಯಂತ್ರಣ ನಕ್ಷೆಯು ಒಂದಕ್ಕೊಂದು ಸಂಬಂಧವಿಲ್ಲದ ಬಿಡಿ ವಸ್ತುಗಳ ನಡುವೆ ಹುಟ್ಟಿತು. ಹರಿಯುವ ವಸ್ತುಗಳಲ್ಲಿ, ಎಂದರೆ ಇಂದಿನ ಅಳತೆಯು ನಿನ್ನೆಯ ಅಳತೆಯ ಬಾಲವಾಗಿರುವ ಕಡೆಗಳಲ್ಲಿ, ಅದನ್ನು ಹಾಗೆಯೇ ಬಳಸಿದರೆ ನಿರ್ದೋಷಿಯ ಮೇಲೆ ದೋಷ ಬೀಳುತ್ತದೆ. ಈ ದೋಷಾರೋಪಣೆ ಕಾರ್ಖಾನೆಯಲ್ಲಿ ಕೆಲಸಗಾರನ ತಲೆಗೆ ಬಂದೀತು. ಜಲಾಶಯದ ದಾಖಲೆಗಳನ್ನು ಓದುವಾಗ ಇಡೀ ಒಂದು ವರ್ಷದ ಮೇಲೆ, ಅಥವಾ ಒಂದು ಸರ್ಕಾರದ ಮೇಲೆ ಬಂದೀತು. ಆದಕಾರಣ ಇದು ಸಂಖ್ಯಾಶಾಸ್ತ್ರಜ್ಞರಿಗೆ ಮಾತ್ರ ಬಿಡತಕ್ಕ ವಿಷಯವಲ್ಲ. ಅಂಕಿಗಳಿಂದ ಚರಿತ್ರೆ ಬರೆಯುವವರೆಲ್ಲರಿಗೂ ಸಂಬಂಧಪಟ್ಟದ್ದು.

2. ನಕ್ಷೆಯ ಹುಟ್ಟು

1924ನೆಯ ಇಸವಿ ಮೇ 16ರಂದು ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ವಾಲ್ಟರ್ ಶೂಹಾರ್ಟ್ ತಮ್ಮ ಮೇಲಧಿಕಾರಿಗೆ ಒಂದು ಪುಟದ ಟಿಪ್ಪಣಿಯೊಂದನ್ನು ಕಳುಹಿಸಿದರು. ಅದರಲ್ಲಿದ್ದ ಚಿತ್ರವೇ ಮೊದಲ ನಿಯಂತ್ರಣ ನಕ್ಷೆ. ಈ ಕಂಪನಿಯು ಷಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ ಟೆಲಿಫೋನಿನ ಉಪಕರಣಗಳನ್ನು ತಯಾರಿಸುತ್ತಿತ್ತು. ಶೂಹಾರ್ಟರ ವಿಚಾರಗಳು 1931ರಲ್ಲಿ ಒಂದು ದೊಡ್ಡ ಗ್ರಂಥವಾಗಿ ಹೊರಬಂದವು.

ಅವರ ವಿಚಾರವನ್ನು ಹೀಗೆ ಸಂಗ್ರಹಿಸಬಹುದು. ಯಾವ ಕೆಲಸದಲ್ಲಿಯೂ ಅಳತೆಗಳು ಒಂದೇ ಸಮನಾಗಿರುವುದಿಲ್ಲ. ಈ ಏರಿಳಿತಕ್ಕೆ ಎರಡು ಬಗೆಯ ಕಾರಣಗಳುಂಟು. ಅಸಂಖ್ಯವಾದ ಸಣ್ಣಪುಟ್ಟ ಕಾರಣಗಳು ಕೂಡಿ ಉಂಟುಮಾಡುವ ಏರಿಳಿತವು ಆ ಕೆಲಸಕ್ಕೆ ಸಹಜವಾದುದು. ಇದಲ್ಲದೆ ಉಳಿಯೊಂದು ಸವೆದುದರಿಂದಲೋ, ಕಚ್ಚಾಸಾಮಗ್ರಿ ಬದಲಾದುದರಿಂದಲೋ ಬರುವ, ಬೆರಳಿಟ್ಟು ತೋರಿಸಬಹುದಾದ ಏರಿಳಿತವು ಬೇರೆ. ಮೊದಲನೆಯದನ್ನು ಬೆನ್ನಟ್ಟಬಾರದು, ಎರಡನೆಯದನ್ನು ಬಿಡಬಾರದು. ಇವೆರಡನ್ನೂ ಬೇರ್ಪಡಿಸಲು ಸರಾಸರಿಯ ಗೆರೆಯೊಂದನ್ನೆಳೆದು, ಅದರ ಮೇಲೆಯೂ ಕೆಳಗೆಯೂ ಮಾನಕ ವಿಚಲನೆಯ ಮೂರು ಪಟ್ಟು ದೂರದಲ್ಲಿ ಎರಡು ಮಿತಿಗೆರೆಗಳನ್ನು ಹಾಕುವುದು. ಅಳತೆಗಳು ಪ್ರಸಾಮಾನ್ಯ ವಿತರಣೆಯವಾಗಿದ್ದು ಒಂದಕ್ಕೊಂದು ಸ್ವತಂತ್ರವಾಗಿದ್ದರೆ, ಯಾವ ದೋಷವೂ ಇಲ್ಲದಿರುವಾಗ 10,000 ಅಳತೆಗಳಲ್ಲಿ ಸುಮಾರು 27 ಮಾತ್ರ ಈ ಗೆರೆಗಳ ಆಚೆಗೆ ಬೀಳುತ್ತವೆ. ಸರಾಸರಿ 370 ಅಳತೆಗಳಿಗೊಂದು ಸುಳ್ಳು ಕರೆ ಬರುತ್ತದೆ. ಇಷ್ಟು ಅಪರೂಪವಾದುದರಿಂದಲೇ, ಚುಕ್ಕೆಯೊಂದು ಗೆರೆ ದಾಟಿದ ಕೂಡಲೇ ಯಂತ್ರವನ್ನು ನಿಲ್ಲಿಸಿ ಕಾರಣ ಹುಡುಕುವುದು ನ್ಯಾಯವೆನಿಸುತ್ತದೆ.

ಇಲ್ಲಿ "ಒಂದಕ್ಕೊಂದು ಸ್ವತಂತ್ರವಾಗಿದ್ದರೆ" ಎಂಬ ಮಾತನ್ನು ವಾಚಕರು ಗಮನದಲ್ಲಿಡಬೇಕು. ಟೆಲಿಫೋನಿನ ಬಿಡಿಭಾಗಗಳ ರಾಶಿಯಿಂದ ಆಗಾಗ ನಾಲ್ಕೈದನ್ನು ಆರಿಸಿ ಅಳೆದಾಗ ಒಂದರ ಅಳತೆಗೂ ಮತ್ತೊಂದರ ಅಳತೆಗೂ ಹೆಚ್ಚಿನ ನಂಟಿರುವುದಿಲ್ಲ. ಹಾಥಾರ್ನಿನಲ್ಲಿ ಈ ಊಹೆ ಬಹುಮಟ್ಟಿಗೆ ಸಲ್ಲುತ್ತಿತ್ತು.

3. ಭಾರತಕ್ಕೆ ಬಂದ ಬಗೆ

ನಕ್ಷೆಯನ್ನು ಭಾರತಕ್ಕೆ ತಂದ ಕೀರ್ತಿ ಮುಖ್ಯವಾಗಿ ಪಿ. ಸಿ. ಮಹಾಲನೋಬಿಸರಿಗೆ ಸಲ್ಲಬೇಕು. ಅವರು 1931ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ಆಹ್ವಾನದ ಮೇಲೆ ಶೂಹಾರ್ಟರು 1947-48ರಲ್ಲಿ ಭಾರತಕ್ಕೆ ಬಂದು ಹಲವೆಡೆ ಸಂಚರಿಸಿದರು. ಅನಂತರ 1950ರ ದಶಕದಲ್ಲಿ ಸಂಸ್ಥೆಯ ಗುಣನಿಯಂತ್ರಣ ಘಟಕಗಳು ಮುಂಬಯಿ, ಬೆಂಗಳೂರು, ಕಲ್ಕತ್ತೆಗಳಲ್ಲಿ ಕೆಲಸಮಾಡತೊಡಗಿದವು.

ಆ ಕಾಲದ ಬೆಂಗಳೂರನ್ನು ನೆನೆದರೆ ನಕ್ಷೆಗೆ ಅಲ್ಲಿ ಏಕೆ ಸಹಜವಾದ ನೆಲೆಯಿತ್ತೆಂಬುದು ತಿಳಿಯುತ್ತದೆ. 1940ರಲ್ಲಿ ವಿಮಾನದ ಕಾರ್ಖಾನೆ, 1948ರಲ್ಲಿ ಟೆಲಿಫೋನ್ ಕಾರ್ಖಾನೆ, 1953ರಲ್ಲಿ ಯಂತ್ರೋಪಕರಣಗಳ ಕಾರ್ಖಾನೆ, 1954ರಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಅಲ್ಲಿ ನೆಲೆಗೊಂಡವು. ಇವೆಲ್ಲವೂ ಬಿಡಿಭಾಗಗಳನ್ನು ಕಡೆದು, ಅಳೆದು, ಜೋಡಿಸುವ ಉದ್ಯಮಗಳು. ಈ ದೃಷ್ಟಿಯಿಂದ ಬೆಂಗಳೂರು ಹಾಥಾರ್ನಿಗೆ ದೂರದ ಊರಲ್ಲ.

ಆದರೆ ಹಳೆಯ ಮೈಸೂರು ಸೀಮೆಯ ಉದ್ಯಮಗಳೆಲ್ಲ ಈ ಜಾತಿಯವಲ್ಲ. ಬೆಂಗಳೂರಿನಿಂದ ಮಂಡ್ಯದ ದಾರಿ ಹಿಡಿದು ಕಾವೇರಿಯ ದಂಡೆಗೆ ಬಂದರೆ ಬೇರೊಂದು ಲೋಕ ಎದುರಾಗುತ್ತದೆ.

4. ಬೆಳಗೊಳದ ಎರಡು ಹರಿವುಗಳು

ಬೆಳಗೊಳವು ಕೃಷ್ಣರಾಜಸಾಗರದ ಅಣೆಕಟ್ಟೆಗೆ ಸಮೀಪದ ಊರು. ಇಲ್ಲಿಂದ ಮೈಸೂರು ನಗರಕ್ಕೆ ಕುಡಿಯುವ ನೀರನ್ನು ಎತ್ತಿ ಕಳುಹಿಸುವ ವ್ಯವಸ್ಥೆಯುಂಟು. ಮಂಡ್ಯ ನ್ಯಾಷನಲ್ ಪೇಪರ್ ಮಿಲ್ಸ್ ಎಂಬ ಕಾಗದದ ಕಾರ್ಖಾನೆಯೂ ಇಲ್ಲಿತ್ತು. ಕಬ್ಬಿನ ಸಿಪ್ಪೆಯಿಂದ ಕಾಗದ ಮಾಡುವ ಉದ್ದೇಶದಿಂದ ಹುಟ್ಟಿ, ಮುಂದೆ ಹಿಂದೂಸ್ತಾನ್ ಪೇಪರ್ ಕಾರ್ಪೊರೇಷನ್ನಿನ ಅಧೀನಕ್ಕೆ ಬಂದ ಈ ಕಾರ್ಖಾನೆ ಈಗ ನಡೆಯುತ್ತಿಲ್ಲ. ಇದರ ಹಿಂದಿನ ಕಾರ್ಯಕಾರಣಗಳ ಸರಪಣಿ ಸ್ಪಷ್ಟವಾಗಿದೆ. 1911ರಲ್ಲಿ ಅಣೆಕಟ್ಟೆಯ ಕೆಲಸ ತೊಡಗಿತು. ಅದರ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಮಂಡ್ಯದ ಬಯಲನ್ನು ಕಬ್ಬಿನ ಸೀಮೆಯನ್ನಾಗಿಸಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. ಕಬ್ಬು ಅರೆದ ಮೇಲೆ ಸಿಪ್ಪೆ ಉಳಿಯಿತು.

ನೀರು, ಸಕ್ಕರೆ, ಕಾಗದ ಇವು ಮೂರೂ ಹರಿವಿನ ಉದ್ಯಮಗಳು. ಇಲ್ಲಿ ಅಳೆಯುವುದು ಬಿಡಿ ವಸ್ತುವನ್ನಲ್ಲ, ನಿಲ್ಲದೆ ಸಾಗುತ್ತಿರುವ ಪ್ರವಾಹವೊಂದರ ಕ್ಷಣಗಳನ್ನು. ಕಾಗದದ ಯಂತ್ರವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ತಿರುಳನ್ನು ದೊಡ್ಡ ತೊಟ್ಟಿಗಳಲ್ಲಿ ಕಲಸಿಟ್ಟು, ಬಹಳಷ್ಟು ನೀರಿನಲ್ಲಿ ತೆಳುಮಾಡಿ, ಓಡುವ ತಂತಿಬಲೆಯ ಮೇಲೆ ಹಾಯಿಸುತ್ತಾರೆ. ಬಲೆಯಿಂದ ಸೋರಿದ ನೀರನ್ನು ಚೆಲ್ಲುವುದಿಲ್ಲ. ಅದರಲ್ಲಿ ಸಣ್ಣ ನಾರುಗಳು ಉಳಿದಿರುವುದರಿಂದ ಅದನ್ನೇ ಮತ್ತೆ ಹೊಸ ತಿರುಳನ್ನು ತೆಳುಮಾಡಲು ಬಳಸುತ್ತಾರೆ. ಹೀಗೆ ಸ್ವಲ್ಪ ಹೊತ್ತಿಗೆ ಮುಂಚಿನ ಕಾಗದದ ಗುಣ ಈಗಿನ ಕಾಗದದಲ್ಲಿ ಸುತ್ತಿ ಬಂದು ಸೇರುತ್ತದೆ. ತೊಟ್ಟಿಯಲ್ಲಿ ನಿಂತ ತಿರುಳೂ ಒಮ್ಮೆಲೇ ಬದಲಾಗುವಂಥದ್ದಲ್ಲ. ಹೀಗಿರಲು, ಒಂದು ಚದರ ಮೀಟರು ಕಾಗದದ ತೂಕವನ್ನೋ ಅದರ ತೇವವನ್ನೋ ಕೆಲವು ನಿಮಿಷಗಳಿಗೊಮ್ಮೆ ಅಳೆದರೆ, ಈ ಅಳತೆಯು ಹಿಂದಿನ ಅಳತೆಯನ್ನು ಹೋಲುವುದು ಅನಿವಾರ್ಯ. ಅಳತೆಗಳ ಸಾಲು ಹೀಗೆ ತನ್ನ ಹಿಂದಿನ ನಿಲುವಿನೊಡನೆ ಇಟ್ಟುಕೊಂಡಿರುವ ಈ ನಂಟಿಗೆ ಸ್ವಸಹಸಂಬಂಧವೆಂದು ಹೆಸರು. ನಂಟು ಏನೂ ಇಲ್ಲದಿದ್ದರೆ ಅದರ ಗುಣಾಂಕ 0. ನಂಟು ಬಲವಾದಷ್ಟೂ ಅದು 1ರ ಸಮೀಪಕ್ಕೆ ಬರುತ್ತದೆ.

ಜಲಾಶಯದಲ್ಲಿ ಇದು ಇನ್ನೂ ಬಲವಾಗಿದೆ. ಕೃಷ್ಣರಾಜಸಾಗರದ ಪೂರ್ಣ ಮಟ್ಟ 124.80 ಅಡಿ, ಅದರ ಸಾಮರ್ಥ್ಯ ಸುಮಾರು 49.45 ಶತಕೋಟಿ ಘನ ಅಡಿ. ಇಂದಿನ ಮಟ್ಟವೆಂದರೆ ನಿನ್ನೆಯ ಮಟ್ಟಕ್ಕೆ ಒಳಹರಿವನ್ನು ಕೂಡಿಸಿ ಹೊರಹರಿವನ್ನೂ ಆವಿಯನ್ನೂ ಕಳೆದುದು. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಪ್ರತಿದಿನವೂ ಹಿಂದಿನ ಶಿಲ್ಕನ್ನು ಮೊದಲು ಬರೆದುಕೊಂಡು ಮುಂದುವರಿಯುವಂತೆ, ಜಲಾಶಯವೂ ನಿನ್ನೆಯ ಶಿಲ್ಕಿನಿಂದಲೇ ಇಂದಿನ ದಿನವನ್ನು ಆರಂಭಿಸುತ್ತದೆ. ಶಿಲ್ಕಿನ ಅಂಕಿಗಳನ್ನು ಸ್ವತಂತ್ರ ಸಾಕ್ಷಿಗಳೆಂದು ಎಣಿಸುವ ಲೆಕ್ಕಿಗನು ಯಾವ ಅಂಗಡಿಯಲ್ಲಿಯೂ ಇರಲಾರನು.

5. ನಂಟಿರುವಲ್ಲಿ ನಕ್ಷೆಯ ನಡತೆ

ಇಂಥ ಅಂಕಿಗಳಿಗೆ ಶೂಹಾರ್ಟರ ನಕ್ಷೆಯನ್ನು ಹಾಗೆಯೇ ಹಾಕಿದರೆ ಏನಾಗುತ್ತದೆಂಬುದನ್ನು ಲೆಕ್ಕದಿಂದಲೇ ನೋಡೋಣ. ಒಂದು ಸಲಕ್ಕೆ ಒಂದೇ ಅಳತೆ ಸಿಕ್ಕುವಲ್ಲಿ ಮಿತಿಗಳನ್ನು ಗೊತ್ತುಮಾಡುವ ರೂಢಿಯ ಕ್ರಮ ಹೀಗಿದೆ: ಅಕ್ಕಪಕ್ಕದ ಎರಡೆರಡು ಅಳತೆಗಳ ಅಂತರವನ್ನು ತೆಗೆದು, ಆ ಅಂತರಗಳ ಸರಾಸರಿಯನ್ನು 2.66ರಿಂದ ಗುಣಿಸಿ, ಬಂದಷ್ಟು ದೂರದಲ್ಲಿ ಗೆರೆಯೆಳೆಯುವುದು. ಅಳತೆಗಳು ಸ್ವತಂತ್ರವಾಗಿದ್ದರೆ ಇದು ಮಾನಕ ವಿಚಲನೆಯ ಮೂರು ಪಟ್ಟಿಗೆ ಸರಿಹೋಗುತ್ತದೆ. ಆದರೆ ನಂಟಿರುವಲ್ಲಿ ನೆರೆಯ ಅಳತೆಗಳು ಒಂದನ್ನೊಂದು ಹೋಲುವುದರಿಂದ ಅಂತರಗಳು ಚಿಕ್ಕವಾಗುತ್ತವೆ. ಗೆರೆಗಳು ಒಳಕ್ಕೆ ಸರಿಯುತ್ತವೆ. ಇತ್ತ ಅಳತೆಗಳ ಸಾಲು ಮಾತ್ರ ತನ್ನ ಸಹಜ ವಿಸ್ತಾರದಲ್ಲಿಯೇ ನಿಧಾನವಾಗಿ ಅಲೆದಾಡುತ್ತಿರುತ್ತದೆ.

ಗುಣಾಂಕ 0.5 ಆಗಿದ್ದರೆ ಮೂರು ಪಟ್ಟು ಎಂದುಕೊಂಡ ಗೆರೆ ನಿಜವಾಗಿ 2.12 ಪಟ್ಟು ದೂರದಲ್ಲಿರುತ್ತದೆ. ದೋಷವಿಲ್ಲದೆಯೇ ನೂರಕ್ಕೆ 3.4 ಅಳತೆಗಳು ಆಚೆ ಬೀಳುತ್ತವೆ. ಗುಣಾಂಕ 0.75 ಆದರೆ ಗೆರೆ 1.5 ಪಟ್ಟಿಗೆ ಇಳಿದು, ನೂರಕ್ಕೆ 13 ಅಳತೆಗಳು ಆಚೆ ಹೋಗುತ್ತವೆ. ಗುಣಾಂಕ 0.9 ಆದರೆ ಗೆರೆ 0.95 ಪಟ್ಟಿನಲ್ಲಿ ನಿಂತು, ನೂರಕ್ಕೆ 34 ಅಳತೆಗಳು ತಪ್ಪಿತಸ್ಥವೆನಿಸುತ್ತವೆ. ಹತ್ತು ಸಾವಿರಕ್ಕೆ 27 ಎಂದು ಮಾತುಕೊಟ್ಟ ನಕ್ಷೆಯು ಹತ್ತು ಸಾವಿರಕ್ಕೆ 3,400 ಸಲ ಕೂಗಿಕೊಳ್ಳುತ್ತದೆ.

ಈ ಕೂಗಿಗೆ ಓಗೊಟ್ಟವರ ಪಾಡೇನು? ಕಾರ್ಖಾನೆಯಲ್ಲಿ ಎರಡು ಪರಿಣಾಮಗಳಾಗುತ್ತವೆ. ಮೊದಲ ಕೆಲವು ದಿನ ಯಂತ್ರದ ಮುಂದೆ ನಿಂತವನನ್ನು ಪ್ರತಿ ಸಲವೂ ಕಾರಣ ಕೇಳುತ್ತಾರೆ. ಇಲ್ಲದ ಕಾರಣವನ್ನು ಅವನು ಹೇಳಲಾರನು. ಆಮೇಲೆ ಕೂಗು ಹೆಚ್ಚಾಗಿ, ಯಾರೂ ನಕ್ಷೆಯನ್ನು ನೋಡದಂತಾಗುತ್ತದೆ. ನಿಜವಾದ ದೋಷ ಬಂದ ದಿನವೂ ಅದು ಗೋಡೆಯ ಮೇಲಿನ ಕಾಗದವಾಗಿಯೇ ಉಳಿಯುತ್ತದೆ. ಮೊದಲನೆಯದು ಅನ್ಯಾಯ, ಎರಡನೆಯದು ಅಪಾಯ.

ಇನ್ನು ಚರಿತ್ರೆಯ ವಿದ್ಯಾರ್ಥಿಯ ಪಾಡನ್ನು ನೋಡೋಣ. ಅವನು ವರ್ಷವೊಂದರ 365 ದಿನಗಳ ಅಂಕಿಗಳನ್ನು ಮುಂದಿಟ್ಟುಕೊಂಡು, ಇಷ್ಟೊಂದು ಸಾಕ್ಷಿಗಳು ಒಂದೇ ಮಾತು ಹೇಳುತ್ತಿವೆಯಲ್ಲ ಎಂದು ಧೈರ್ಯಗೊಳ್ಳುತ್ತಾನೆ. ಅಂಕಿಗಳು ಪ್ರತಿದಿನವೂ ಹಿಂದಿನ ದಿನವೊಂದಕ್ಕೆ ಮಾತ್ರ ನೇರವಾಗಿ ಅಂಟಿಕೊಂಡಿದ್ದು ಗುಣಾಂಕ 0.9 ಇದ್ದರೆ, ಸರಾಸರಿಯನ್ನು ನಿರ್ಣಯಿಸುವ ಮಟ್ಟಿಗೆ ಆ 365 ಅಂಕಿಗಳ ಬೆಲೆ ಸುಮಾರು 20 ಸ್ವತಂತ್ರ ಅಂಕಿಗಳಷ್ಟೇ. ಒಂದು ತಿಂಗಳ 30 ಅಂಕಿಗಳ ಬೆಲೆ ಎರಡಕ್ಕಿಂತ ಸ್ವಲ್ಪ ಹೆಚ್ಚು. ಒಬ್ಬನೇ ಸಾಕ್ಷಿ ಮೂವತ್ತು ದಿನ ನ್ಯಾಯಾಲಯಕ್ಕೆ ಬಂದು ಹೋದರೆ ಮೂವತ್ತು ಸಾಕ್ಷಿಗಳಾಗುವುದಿಲ್ಲ.

6. ಎಚ್ಚರಿಕೆಗಳ ಚರಿತ್ರೆ

ಈ ಎಚ್ಚರಿಕೆ ನಕ್ಷೆಯಷ್ಟೇ ಹಳೆಯದು. ಇಂಗ್ಲೆಂಡಿನ ಉಡ್ನಿ ಯೂಲ್ 1926ರಲ್ಲಿ, ಕಾಲಕ್ರಮದಲ್ಲಿ ಸಾಗುವ ಎರಡು ಅಂಕಿಸಾಲುಗಳು ಅರ್ಥವಿಲ್ಲದ ಸಂಬಂಧವನ್ನು ತೋರಿಸಬಲ್ಲವೆಂದು ನಿರೂಪಿಸಿದರು. 1866ರಿಂದ 1911ರವರೆಗೆ ಆ ದೇಶದ ಮದುವೆಗಳಲ್ಲಿ ಇಂಗ್ಲೆಂಡಿನ ಚರ್ಚಿನಲ್ಲಿ ನಡೆದವುಗಳ ಪ್ರಮಾಣಕ್ಕೂ ಜನರ ಮರಣದ ಪ್ರಮಾಣಕ್ಕೂ 0.95ರಷ್ಟು ಸಹಸಂಬಂಧ ಕಂಡುಬಂದಿತು. ಆದರೂ ಒಂದು ಮತ್ತೊಂದಕ್ಕೆ ಕಾರಣವೆಂದು ಯಾರೂ ಹೇಳಲಾರರು. ಮರುವರ್ಷ ಅವರು ಸೂರ್ಯನ ಕಲೆಗಳ ಎಣಿಕೆಯನ್ನು ಅದರ ಹಿಂದಿನ ವರ್ಷಗಳ ಎಣಿಕೆಯಿಂದಲೇ ವಿವರಿಸುವ ಸಮೀಕರಣವನ್ನು ಕೊಟ್ಟರು. ನದಿಗಳ ವಿಷಯದಲ್ಲಿ ಹೆರಾಲ್ಡ್ ಹರ್ಸ್ಟರು ನೈಲ್ ನದಿಯ ಶತಮಾನಗಳ ದಾಖಲೆಗಳನ್ನು ಪರೀಕ್ಷಿಸಿ, ನೀರು ಹೆಚ್ಚಿದ ವರ್ಷಗಳೂ ಕಡಮೆಯಾದ ವರ್ಷಗಳೂ ಗುಂಪುಗೂಡಿ ಬರುತ್ತವೆಂಬುದನ್ನು 1951ರಲ್ಲಿ ಪ್ರಕಟಿಸಿದರು. ಜಲಾಶಯಗಳನ್ನು ಎಷ್ಟು ದೊಡ್ಡದಾಗಿ ಕಟ್ಟಬೇಕೆಂಬುದೇ ಅವರ ಪ್ರಶ್ನೆಯಾಗಿತ್ತು.

ಆದರೂ ಈ ತಿಳಿವು ಕಾರ್ಖಾನೆಯ ನಕ್ಷೆಯನ್ನು ಮುಟ್ಟಲು ಬಹುಕಾಲ ಹಿಡಿಯಿತು. 1954ರಲ್ಲಿ ಇ. ಎಸ್. ಪೇಜ್ ವ್ಯತ್ಯಾಸಗಳನ್ನು ಕೂಡಿಸುತ್ತ ಹೋಗುವ ನಕ್ಷೆಯನ್ನೂ, 1959ರಲ್ಲಿ ಎಸ್. ಡಬ್ಲ್ಯು. ರಾಬರ್ಟ್ಸ್ ಹೊಸ ಅಳತೆಗೆ ಹೆಚ್ಚು, ಹಳೆಯದಕ್ಕೆ ಕ್ರಮವಾಗಿ ಕಡಮೆ ತೂಕ ಕೊಡುವ ನಕ್ಷೆಯನ್ನೂ ರೂಪಿಸಿದರು. ಇವು ಸಣ್ಣ ಬದಲಾವಣೆಗಳನ್ನು ಬೇಗ ಹಿಡಿಯುತ್ತವೆ. ಆದರೆ ಇವುಗಳ ಮೂಲ ಲೆಕ್ಕವೂ ಸ್ವತಂತ್ರ ಅಳತೆಗಳನ್ನೇ ಊಹಿಸಿತ್ತು. 1970ರಲ್ಲಿ ಜಾರ್ಜ್ ಬಾಕ್ಸ್ ಮತ್ತು ಗ್ವಿಲಿಮ್ ಜೆಂಕಿನ್ಸರ ಗ್ರಂಥವು ಕಾಲಸರಣಿಗಳನ್ನು ವಿಶ್ಲೇಷಿಸುವ ಕ್ರಮವನ್ನು ಎಲ್ಲರ ಕೈಗೆಟುಕಿಸಿತು. 1988ರಲ್ಲಿ ಲೇತ್ ಅಲ್ವಾನ್ ಮತ್ತು ಹ್ಯಾರಿ ರಾಬರ್ಟ್ಸ್ ಇವೆರಡು ಧಾರೆಗಳನ್ನು ಸೇರಿಸಿ, ಒಂದರ ಬದಲು ಎರಡು ನಕ್ಷೆಗಳನ್ನಿಡಬೇಕೆಂದು ಸೂಚಿಸಿದರು. ಹಿಂದಿನ ಅಳತೆಗಳಿಂದ ಇಂದು ನಿರೀಕ್ಷಿಸಬಹುದಾದ ಬೆಲೆಯನ್ನು ತೋರಿಸುವುದು ಮೊದಲನೆಯ ನಕ್ಷೆ. ಇದು ಆ ಕೆಲಸದ ಸಹಜ ನಡಿಗೆ. ನಿರೀಕ್ಷೆಗೂ ನಿಜವಾದ ಅಳತೆಗೂ ಉಳಿದ ಶೇಷವನ್ನು ತೋರಿಸುವುದು ಎರಡನೆಯದು. ಈ ಶೇಷಗಳು ಬಹುಮಟ್ಟಿಗೆ ಸ್ವತಂತ್ರವಾಗಿರುವುದರಿಂದ ಶೂಹಾರ್ಟರ ಗೆರೆಗಳು ಅವುಗಳಿಗೆ ನ್ಯಾಯವಾಗಿಯೇ ಸಲ್ಲುತ್ತವೆ. 'ಇಂದಿನ ಅಳತೆ ಸರಾಸರಿಯಿಂದ ಎಷ್ಟು ದೂರ' ಎಂಬ ಪ್ರಶ್ನೆಯನ್ನು ಬಿಟ್ಟು, 'ನಿನ್ನೆಯನ್ನು ಬಲ್ಲವನಿಗೆ ಇಂದಿನದು ಎಷ್ಟು ಅನಿರೀಕ್ಷಿತ' ಎಂಬ ಪ್ರಶ್ನೆಯನ್ನು ಕೇಳಿದುದೇ ಇಲ್ಲಿಯ ಮುಖ್ಯ ಬದಲಾವಣೆ.

ನಂಟು ಯಾವಾಗಲೂ ಶತ್ರುವಲ್ಲವೆಂಬುದನ್ನೂ ಹೇಳಬೇಕು. ಸ್ವತಂತ್ರವಾದ ಏರಿಳಿತವನ್ನು ಪ್ರತಿ ಸಲವೂ ತಿದ್ದಹೋದರೆ ಅದು ಇನ್ನೂ ಹೆಚ್ಚುತ್ತದೆ. ನಂಟಿರುವಲ್ಲಿಯಾದರೋ ಮುಂದಿನ ಅಳತೆಯನ್ನು ಮುಂಗಂಡು ಯಂತ್ರವನ್ನು ಮೊದಲೇ ತಿದ್ದಿಕೊಳ್ಳಬಹುದು. 1960ರ ದಶಕದಲ್ಲಿ ಸ್ವೀಡನ್ನಿನ ಕಾಗದದ ಕಾರ್ಖಾನೆಯೊಂದರಲ್ಲಿ ಕಾರ್ಲ್ ಯೊಹಾನ್ ಆಸ್ಟ್ರೋಮರು ಕಾಗದದ ತೂಕ ಮತ್ತು ತೇವಗಳ ವಿಷಯದಲ್ಲಿ ಗಣಕಯಂತ್ರದ ನೆರವಿನಿಂದ ಇದನ್ನೇ ಸಾಧಿಸಿ 1967ರಲ್ಲಿ ಪ್ರಕಟಿಸಿದರು. ಪರೀಕ್ಷಕನನ್ನು ಮೋಸಗೊಳಿಸುವ ಗುಣವೇ ಯಂತ್ರವನ್ನು ನಡೆಸುವವನಿಗೆ ಸಹಾಯಕವಾಯಿತು.

7. ಕಾವೇರಿಯ ಗೆರೆಗಳು

1924ನೆಯ ಇಸವಿ ನಮ್ಮ ಸೀಮೆಯಲ್ಲಿಯೂ ಸ್ಮರಣೀಯವಾದುದು. ಶೂಹಾರ್ಟರ ಟಿಪ್ಪಣಿಗೆ ಮೂರು ತಿಂಗಳ ಮುಂಚೆ, ಫೆಬ್ರವರಿ 18ರಂದು, ಮೈಸೂರು ಮತ್ತು ಮದರಾಸು ಸರ್ಕಾರಗಳ ನಡುವೆ ಕಾವೇರಿಯ ಒಪ್ಪಂದವಾಯಿತು. 1921ರಲ್ಲಿ ಸಿದ್ಧವಾಗಿದ್ದ ಕೃಷ್ಣರಾಜಸಾಗರದ ನಿಯಮಗಳು ಆ ಒಪ್ಪಂದಕ್ಕೆ ಸೇರಿದವು. ತಮಿಳುನಾಡಿನ ಮೇಲಣೆಯಲ್ಲಿ ನೀರಿನ ಅಳತೆ ಇಂತಿಷ್ಟಿರಬೇಕು, ಅಷ್ಟು ಹರಿವನ್ನು ಕಾಯ್ದುಕೊಂಡ ಮೇಲೆಯೇ ಜಲಾಶಯದಲ್ಲಿ ನೀರು ತುಂಬಿಸಬೇಕು ಎಂದು ಅವು ಗೊತ್ತುಮಾಡಿದವು. ಇವೂ ಮಿತಿಗೆರೆಗಳೇ. ಆದರೆ ಜುಲೈ ಮತ್ತು ಆಗಸ್ಟ್ ತಿಂಗಳುಗಳಿಗೆ 7½ ಅಡಿಯ ಗೆರೆಯಿದ್ದರೆ ಜನವರಿಗೆ 3 ಅಡಿಯ ಗೆರೆ. ನದಿಯ ಒಂದು ತಿಂಗಳನ್ನು ಮತ್ತೊಂದು ತಿಂಗಳ ಗೆರೆಯಿಂದ ಅಳೆಯಬಾರದೆಂಬ ವಿವೇಕ ಆ ಎಂಜಿನಿಯರುಗಳಿಗಿತ್ತು. ಒಪ್ಪಂದದ ನ್ಯಾಯಾನ್ಯಾಯಗಳು ಬೇರೆ ಮಾತು. ನಾವು ಇಲ್ಲಿ ಗಮನಿಸುವುದು ಅಳತೆಯ ಕ್ರಮವನ್ನು ಮಾತ್ರ.

ಮಹಾಲನೋಬಿಸರ ಇನ್ನೊಂದು ಕೆಲಸವೂ ಇಲ್ಲಿ ಪ್ರಸ್ತುತವಾಗಿದೆ. ಒರಿಸ್ಸಾದಲ್ಲಿ 1926ರಲ್ಲಿ ಭಾರಿ ನೆರೆ ಬಂದಾಗ, ನದಿಯ ಪಾತ್ರವೇ ಮೇಲೆದ್ದಿದೆಯೆಂದೂ ದಂಡೆಗಳನ್ನು ಎತ್ತರಿಸಬೇಕೆಂದೂ ತಜ್ಞರು ಅಭಿಪ್ರಾಯಪಟ್ಟಿದ್ದರು. ಮಹಾಲನೋಬಿಸರು ಹಲವು ದಶಕಗಳ ಮಳೆ ಮತ್ತು ನೆರೆಗಳ ದಾಖಲೆಗಳನ್ನು ಪರಿಶೀಲಿಸಿ, ಪಾತ್ರ ಎದ್ದಿರುವುದಕ್ಕೆ ಆಧಾರವಿಲ್ಲವೆಂದೂ ಮೇಲ್ಭಾಗದ ಮಳೆಯೇ ನೆರೆಗೆ ಕಾರಣವೆಂದೂ ತೋರಿಸಿದರು. ದೀರ್ಘ ದಾಖಲೆಯನ್ನು ಕೂಡಿಸಿ ಓದದಿದ್ದರೆ ಒಂದು ನೆರೆಯಿಂದ ತಪ್ಪು ತೀರ್ಮಾನಕ್ಕೆ ಬಂದು ದಂಡೆಗಳ ಮೇಲೆ ಹಣ ಸುರಿಯುವಂತಾಗುತ್ತಿತ್ತು.

ಈ ದೃಷ್ಟಾಂತಗಳ ಬೆಳಕಿನಲ್ಲಿ ಕೃಷ್ಣರಾಜಸಾಗರದ ಮಟ್ಟವನ್ನು ಓದುವವರು ಮೂರು ನಿಯಮಗಳನ್ನು ಪಾಲಿಸಬೇಕೆಂದು ನಮಗೆ ತೋರುತ್ತದೆ. ಮೊದಲನೆಯದಾಗಿ, ಒಂದು ದಿನದ ಮಟ್ಟವನ್ನು ವರ್ಷದ ಸರಾಸರಿಯೊಡನೆ ಹೋಲಿಸದೆ, ಹಿಂದಿನ ಹಲವು ವರ್ಷಗಳ ಅದೇ ಕಾಲದ ಮಟ್ಟಗಳೊಡನೆ ಹೋಲಿಸಬೇಕು. ಎರಡನೆಯದಾಗಿ, ಮಟ್ಟವು ಶಿಲ್ಕು ಮಾತ್ರವಾದುದರಿಂದ ಆ ದಿನ ನಡೆದುದೇನೆಂಬುದನ್ನು ಒಳಹರಿವು ಹೊರಹರಿವುಗಳಲ್ಲಿ ಹುಡುಕಬೇಕು; ಆಗ ಮಳೆ ಮಾಡಿದುದು ಯಾವುದು, ಮನುಷ್ಯರು ಮಾಡಿದುದು ಯಾವುದು ಎಂಬುದು ಬೇರ್ಪಡುತ್ತದೆ. ಮೂರನೆಯದಾಗಿ, ಮಟ್ಟ ಗೆರೆಯ ಕೆಳಗಿದ್ದ ದಿನಗಳನ್ನು ಎಣಿಸಿ ಸಂಕಟದ ಪ್ರಮಾಣವನ್ನು ಹೇಳಬಹುದಾದರೂ, ಆ ಎಣಿಕೆಯಿಂದ ಕಾರಣವನ್ನು ಸಾಧಿಸಲಾಗದು. ನಲವತ್ತು ದಿನ ಕೆಳಗಿದ್ದರೆ ನಲವತ್ತು ಅಪರಾಧಗಳಾಗಲಿಲ್ಲ. ಒಂದೇ ಮುಂಗಾರು ನಲವತ್ತು ದಿನ ಲೆಕ್ಕಕ್ಕೆ ಬಂದಿತು.

1990ರ ಜೂನಿನಲ್ಲಿ ಕಾವೇರಿ ನ್ಯಾಯಮಂಡಲಿ ರಚಿತವಾಗಿ, 2007ರ ಫೆಬ್ರವರಿಯಲ್ಲಿ ಅದರ ಅಂತಿಮ ತೀರ್ಪು ಬಂದು, 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಮಾರ್ಪಡಿಸಿತು. ಮಳೆ ಕೈಕೊಟ್ಟ 2002, 2012, 2016, 2023ರ ವರ್ಷಗಳಲ್ಲಿ ಈ ಅಂಕಿಗಳು ಮನೆಮನೆಯ ಮಾತಾಗಿದ್ದವು. ನಾಲೆಗೆ ನೀರು ಬಿಡುವರೋ ಇಲ್ಲವೋ, ನಾಟಿ ಮಾಡಬಹುದೋ ಬಾರದೋ ಎಂಬುದು ಮಂಡ್ಯದ ಒಕ್ಕಲುಮಕ್ಕಳಿಗೆ ಪಾಠದ ಪುಸ್ತಕದ ಪ್ರಶ್ನೆಯಲ್ಲ.

8. ಉಪಸಂಹಾರ

ಒಂದು ಆಕ್ಷೇಪಣೆಗೆ ಇಲ್ಲಿ ಉತ್ತರ ಹೇಳಬೇಕಾಗಿದೆ. ನಂಟಿನ ಹೆಸರಿನಲ್ಲಿ ಗೆರೆಗಳನ್ನು ದೂರ ಸರಿಸಿದರೆ ನಿಜವಾದ ದೋಷಗಳೂ ಮುಚ್ಚಿಹೋಗಲಾರವೆ? ಹೋಗಬಲ್ಲವು. ನಂಟೇ ಕೆಲವೊಮ್ಮೆ ದೋಷದ ಕುರುಹಾಗಿರುತ್ತದೆ. ಸರಿಯಾಗಿ ಕಲಸದ ತೊಟ್ಟಿಯೂ, ತಡವಾಗಿ ತಿದ್ದುವ ಕೈಯೂ ಅಳತೆಗಳನ್ನು ಒಂದಕ್ಕೊಂದು ಅಂಟಿಸುತ್ತವೆ. ಆದುದರಿಂದ ನಂಟನ್ನು ಲೆಕ್ಕಕ್ಕೆ ಹಿಡಿದರೆ ಸಾಲದು, ಅದು ಎಲ್ಲಿಂದ ಬಂತೆಂದು ಕೇಳಬೇಕು. ಜಲಾಶಯದಲ್ಲಿ ಅದು ವಸ್ತುಸ್ವಭಾವ. ಕಾರ್ಖಾನೆಯಲ್ಲಿ ಭಾಗಶಃ ಸ್ವಭಾವ, ಭಾಗಶಃ ಅವ್ಯವಸ್ಥೆಯೂ ಆಗಿರಬಹುದು. ಈ ವಿವೇಚನೆಯನ್ನು ಯಾವ ಸೂತ್ರವೂ ಮಾಡಿಕೊಡುವುದಿಲ್ಲ. ವಸ್ತುವನ್ನು ಬಲ್ಲವರೇ ಮಾಡಬೇಕು.

ನಮ್ಮ ಕಾಲೇಜುಗಳಲ್ಲಿ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ನಕ್ಷೆಯನ್ನು ಕಲಿಯುತ್ತಾರೆ; ಚರಿತ್ರೆಯ ವಿದ್ಯಾರ್ಥಿಗಳು ದಾಖಲೆಯನ್ನು ಓದುತ್ತಾರೆ. ಅಣೆಕಟ್ಟೆಯ ದೈನಂದಿನ ಅಂಕಿಗಳು ಈ ಇಬ್ಬರೂ ಕೂಡಿ ಓದತಕ್ಕವು. ಒಂದು ವರ್ಷದ ಮಟ್ಟಗಳನ್ನು ತೆಗೆದುಕೊಂಡು, ಮೊದಲು ಹಾಗೆಯೇ ನಕ್ಷೆ ಬರೆದು, ಅನಂತರ ಪ್ರತಿದಿನದ ಅಂಕಿಯಲ್ಲಿ ಹಿಂದಿನ ದಿನದ್ದನ್ನು ಕಳೆದು ಮತ್ತೊಮ್ಮೆ ಬರೆದು ನೋಡಿದರೆ, ಮೊದಲನೆಯ ನಕ್ಷೆಯಲ್ಲಿ ತಿಂಗಳುಗಟ್ಟಲೆ ಗೆರೆಯಾಚೆ ನಿಂತಿದ್ದ ಚುಕ್ಕೆಗಳಲ್ಲಿ ಹಲವು ಎರಡನೆಯದರಲ್ಲಿ ಗೆರೆಯೊಳಗೆ ಬರುವುದನ್ನು ವಿದ್ಯಾರ್ಥಿಗಳು ತಾವೇ ಕಾಣಬಹುದು. ಆಗಲೂ ಗೆರೆಯಾಚೆ ಉಳಿದ ಕೆಲವೇ ದಿನಗಳು ಯಾವುವು, ಅಂದು ಮಳೆ ಎಷ್ಟು ಬಂದಿತ್ತು, ಬಾಗಿಲುಗಳನ್ನು ಎಷ್ಟು ತೆರೆದಿದ್ದರು, ಯಾರ ಆಜ್ಞೆಯಾಗಿತ್ತು ಎಂದು ವಿಚಾರಿಸುವಲ್ಲಿಂದ ಚರಿತ್ರಕಾರನ ಕೆಲಸ ಆರಂಭವಾಗುತ್ತದೆ.